ಸೀಟಿನ ಬಾಡಿಗೆ

ನನ್ನ ಬಳಿ ಇದ್ದ ಬಿಟ್‌ಕಾಯಿನ್ ಎಲ್ಲಿಂದ ಬಂತು ಎಂದು ಕೇಳಿದವರಿಗೆಲ್ಲ ನಾನು ನಿಜವನ್ನೇ ಹೇಳಿದೆ. ತೊಂದರೆಯಾದದ್ದು ಅಲ್ಲೇ. ಸುಳ್ಳು ಹೇಳಿದ್ದರೆ ಅದಕ್ಕೊಂದು ಕಾಗದ ಹುಟ್ಟಿಸಬಹುದಿತ್ತು. ಮುಂಬಯಿ ಪಕ್ಕದ ಈ ಕಲ್ಯಾಣದಲ್ಲಿ ಅಂಥ ಕಾಗದ ಹುಟ್ಟಿಸುವವರಿಗೆ ಬರವಿಲ್ಲ. ನಿಜಕ್ಕೆ ಮಾತ್ರ ಯಾವ ಕಾಗದವೂ ಇರಲಿಲ್ಲ.

ಇದೆಲ್ಲ ಶುರುವಾದದ್ದು ಮನೆಯ ವಿಷಯದಿಂದ. ಡೊಂಬಿವಲಿ ಪೂರ್ವದಲ್ಲಿ ನಾನಿದ್ದದ್ದು ಲಿಫ್ಟಿಲ್ಲದ ಕಟ್ಟಡದ ಮೂರನೇ ಮಹಡಿ, ಒಂದು ರೂಮು ಮತ್ತು ಅಡುಗೆಮನೆ. ಸ್ಟೇಷನ್ನಿನ ಅನೌನ್ಸ್‌ಮೆಂಟು ಗ್ಯಾಸ್ ಒಲೆಯ ಮುಂದೆ ನಿಂತರೂ ಕೇಳುತ್ತಿತ್ತು. ಮದುವೆ ಮಕ್ಕಳ ರಗಳೆ ಕಟ್ಟಿಕೊಳ್ಳದ ನಾನು ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಅಲ್ಲಿ ಬಾಡಿಗೆಗಿದ್ದೆ. ಒಂದು ದಿನ ಮಾಲಕರು ಬಂದರು. ಸಭ್ಯ ಮನುಷ್ಯ, ಮರಾಠಿಯವರು, ನನಗಿಂತ ಹಿರಿಯರು. ಮಗಳ ಬಳಿ ಪುಣೆಗೆ ಹೋಗುವುದಾಗಿಯೂ ಮನೆ ಮಾರುವುದಾಗಿಯೂ ಹೇಳಿ, "ತುಮ್ಹೀಚ್ ಘ್ಯಾ, ನೀವೇ ತಗೊಳ್ಳಿ. ಗುಡಿ ಪಾಡ್ವಾ, ನಿಮ್ಮ ಯುಗಾದಿ ತನಕ ಬೇರೆ ಯಾರಿಗೂ ತೋರಿಸುವುದಿಲ್ಲ" ಎಂದರು. ಅವರ ಜಾಗದಲ್ಲಿ ನಾನಿದ್ದರೆ ಅಷ್ಟು ಒಳ್ಳೆಯವನಾಗಿರುತ್ತಿರಲಿಲ್ಲ.

ಮಹಾಪೆಯಲ್ಲಿ ನಾನು ಲೆಕ್ಕಪತ್ರ ನೋಡುತ್ತಿದ್ದ ಬಣ್ಣದ ಕಂಪನಿ ಲಾಕ್‌ಡೌನ್ ಆದಮೇಲೆ ಬಾಗಿಲು ಹಾಕಿತ್ತು. ಈಗ ಕಲ್ಯಾಣದ ಒಂದು ಉಡುಪಿ ಹೋಟೆಲಿನಲ್ಲಿ ಅರ್ಧ ದಿನ ಕೂತು ಜಿಎಸ್‌ಟಿ ಲೆಕ್ಕ ಬರೆಯುತ್ತೇನೆ. ಈ ವಯಸ್ಸಿಗೆ, ಈ ಸಂಬಳಕ್ಕೆ ಬ್ಯಾಂಕಿನವರು ಸಾಲ ಕೊಡುವುದಿರಲಿ, ಕುರ್ಚಿಯನ್ನೂ ಸರಿಯಾಗಿ ತೋರಿಸುವುದಿಲ್ಲ. ಆದರೆ ಆ ಮನೆ ನನಗೆ ಬೇಕಿತ್ತು. ಕೆಳಗಿನ ಹಾಲಿನವನಿಗೆ, ಎದುರುಮನೆಯ ಮುದುಕಿಗೆ, ಮೆಟ್ಟಿಲ ಮೇಲೆ ಮಲಗುವ ಬೆಕ್ಕಿಗೆ ನನ್ನ ಗುರುತಿತ್ತು. ಉಳಿದ ಊರಿಗೆಲ್ಲ ನಾನು ಗುಂಪಿನಲ್ಲಿ ಗೋವಿಂದ. ಕೆಲಸ ಹೋದಮೇಲೆ ದಿನಗಟ್ಟಲೆ ಯಾರೊಡನೆಯೂ ಮಾತಿಲ್ಲದೆ ಕಳೆದು, ಕುಕ್ಕರ್ ಕೂಗಿದರೆ "ಬಂದೆ ಬಂದೆ" ಎಂದು ಉತ್ತರ ಕೊಡುವ ಹಂತಕ್ಕೆ ಬಂದಿದ್ದೆ. ಇನ್ನೊಂದು ಹೊಸ ಜಾಗಕ್ಕೆ ಹೋಗಿ ಮತ್ತೆ ಯಾರಿಗೂ ಗೊತ್ತಿಲ್ಲದವನಾಗುವುದನ್ನು ನೆನೆದರೇ ನನಗೆ ಹೆದರಿಕೆಯಾಗುತ್ತಿತ್ತು.

ಮನೆ ಕೊಳ್ಳುವಷ್ಟು ಬೆಲೆ ಬಾಳುವ ಒಂದೇ ಒಂದು ವಸ್ತು ನನ್ನ ಹತ್ತಿರ ಇತ್ತು. ಅದು ಆ ಮನೆಯ ಬೀಗದ ಕೈ ಗೊಂಚಲಿನಲ್ಲೇ ನೇತಾಡುತ್ತಿತ್ತು. ಬೆರಳುದ್ದದ, ಕಪ್ಪು ಪ್ಲಾಸ್ಟಿಕ್ಕಿನ ಸಣ್ಣ ಯಂತ್ರ, ನೋಡಿದರೆ ಪೆನ್‌ಡ್ರೈವ್ ಅನ್ನಬೇಕು. ಅದರೊಳಗೆ ನನ್ನ ಬಿಟ್‌ಕಾಯಿನ್ ಇದ್ದವು. ಅದನ್ನು ನನಗೆ ಕೊಟ್ಟವರು ಸ್ವಾಮಿ.

ಸ್ವಾಮಿ ಎಂದರೆ ಕಾವಿ ಬಟ್ಟೆಯವರು ಎಂದುಕೊಳ್ಳಬೇಡಿ. ಅವರು ಠಾಣೆಯಿಂದ ವಾಶಿ ಕಡೆಗೆ ಹೋಗುವ ಲೋಕಲ್ ಟ್ರೇನಿನಲ್ಲಿ ನನ್ನ ಪಕ್ಕ ಕೂರುತ್ತಿದ್ದವರು. ಮೊದಲ ದಿನ ಬಾಗಿಲಲ್ಲಿ ಯಾರೋ ಅವರ ಎಡಗಾಲು ತುಳಿದರು. "ಅಯ್ಯಯ್ಯೋ, ಕಾಲು ಹೋಯ್ತಲ್ಲಪ್ಪಾ!" ಎಂದು ಅಪ್ಪಟ ಕನ್ನಡದಲ್ಲಿ ಒರಲಿದರು. ಆ ನೂಕುನುಗ್ಗಲಲ್ಲಿ ಕನ್ನಡ ಕೇಳಿ ನನಗೆ ಏನಾಯಿತೋ, ಕುಂಡೆ ಒತ್ತಿ ಒತ್ತಿ ಪಕ್ಕದವನನ್ನು ಸರಿಸಿ, "ಇಲ್ಲಿ ಕೂತ್ಕೊಳ್ಳಿ ಮಾರಾಯ್ರೆ" ಎಂದೆ. "ಕನ್ನಡದೋರಾ ಸ್ವಾಮಿ? ಬದುಕಿಸಿದ್ರಿ!" ಎಂದು ಕೂತರು. ನನ್ನ ಬಾಯಲ್ಲಿ ಮಾತಿಗೊಂದು ಮಾರಾಯ್ರೆ, ಅವರ ಬಾಯಲ್ಲಿ ಮಾತಿಗೊಂದು ಸ್ವಾಮಿ. ಒಂದು ವಾರದಲ್ಲಿ ಅವರು ನನ್ನನ್ನು ಅಣಕಿಸಿ ಮಾರಾಯ್ರೆ ಎಂದು ಕರೆಯತೊಡಗಿದರು, ನಾನು ಅವರನ್ನು ಸ್ವಾಮಿ ಎಂದೆ. ಫೋನಿನಲ್ಲೂ ಹಾಗೇ ಬರೆದುಕೊಂಡೆವು. ಮೊದಲ ತಿಂಗಳು ಹೆಸರು ಕೇಳುವ ಅಗತ್ಯ ಬರಲಿಲ್ಲ. ಒಂದು ವರ್ಷ ಕಳೆದಮೇಲೆ ಕೇಳುವುದಕ್ಕೆ ನಾಚಿಕೆಯಾಯಿತು. ಆಮೇಲೆ ಅದು ಮರೆತೇ ಹೋಯಿತು.

ಅವರು ಘೋಡಬಂದರ್ ರಸ್ತೆಯ ಕಡೆಯವರು. ಆ ರಸ್ತೆಯ ಟ್ರಾಫಿಕ್ಕು ದಾಟಿ ಬಸ್ಸು ಠಾಣೆ ಸ್ಟೇಷನ್ ಮುಟ್ಟುವಷ್ಟರಲ್ಲಿ ಟ್ರೇನು ತುಂಬಿರುತ್ತಿತ್ತು. ನಾನು ಡೊಂಬಿವಲಿಯಿಂದ ಬೇಗ ಬಂದು, ಹತ್ತನೇ ಪ್ಲಾಟ್‌ಫಾರ್ಮಿನಲ್ಲಿ ಟ್ರೇನು ನಿಲ್ಲುವ ಮೊದಲೇ ಹಾರಿ, ಒಂದು ಸೀಟಿನಲ್ಲಿ ಕೂತು ಪಕ್ಕದ ಸೀಟಿನ ಮೇಲೆ ಕರ್ಚೀಫು ಹಾಸುತ್ತಿದ್ದೆ. ನೀಲಿ ಚೌಕಳಿಯ ದೊಡ್ಡ ಕರ್ಚೀಫು. ಇಲ್ಲಿಯ ಟ್ರೇನುಗಳಲ್ಲಿ ಸೀಟಿನ ಮೇಲಿನ ಕರ್ಚೀಫಿಗೆ ಒಂದು ಮರ್ಯಾದೆ ಉಂಟು. ಉಂಟು ಎನ್ನುವುದಕ್ಕಿಂತ, ಜಗಳಕ್ಕೆ ನಿಂತರೆ ಉಂಟಾಗುತ್ತದೆ. "ಯೇ ಕಿಸ್ಕಾ ರುಮಾಲ್ ಹೈ?" ಎಂದು ದಿನಾ ಒಬ್ಬ ಕೇಳುವವನು, ಜನ ಬರುತ್ತಿದ್ದಾರೆ, "ಆದ್ಮೀ ಆ ರಹಾ ಹೈ" ಎಂದು ದಿನಾ ನಾನು ಕಣ್ಣು ಕೆಂಪು ಮಾಡುವವನು. ಅಷ್ಟರಲ್ಲಿ ಸ್ವಾಮಿ ಎಡಗಾಲು ಎಳೆಯುತ್ತಾ ಬರುತ್ತಿದ್ದರು. ಅವರಿಗೆ ನಿಂತರೆ ಆ ಕಾಲು ನೋಯುತ್ತಿತ್ತು. ನಾನು ಕರ್ಚೀಫು ಎತ್ತುತ್ತಿದ್ದೆ, ಅವರು "ಸರಿ" ಎಂದು ಉಸಿರುಬಿಟ್ಟು ಕೂರುತ್ತಿದ್ದರು.

ನಾನು ಕೋಪರ್‌ಖೈರಣೆಯಲ್ಲಿ ಇಳಿದು ರಿಕ್ಷಾ ಹಿಡಿದು ಮಹಾಪೆಗೆ ಹೋಗುತ್ತಿದ್ದೆ, ಅವರು ಮುಂದೆ ಗಾಡಿ ಬದಲಿಸಿ ಬೇಲಾಪುರಕ್ಕೆ. ಠಾಣೆಯಿಂದ ಕೋಪರ್‌ಖೈರಣೆ ಎಂದರೆ ಸಿನಿಮಾದ ಇಂಟರ್‌ವಲ್ ತನಕವೂ ಸಾಲದ ಹೊತ್ತು. ಅಷ್ಟರಲ್ಲೇ ನಾವು ಮಾತಾಡದ ವಿಷಯವಿರಲಿಲ್ಲ. ಮೈಸೂರಿನ ಅವರ ಹೆಂಡತಿ ನಮ್ಮ ಉಡುಪಿ ಕಡೆಯ ತಿಂಡಿಗೆಲ್ಲ ಬೆಲ್ಲ ಜಾಸ್ತಿ ಎನ್ನುತ್ತಾರೆಂಬುದು, ಮಗಳಿಗೆ ಕನ್ನಡದಲ್ಲಿ ಕೇಳಿದರೆ ಹಿಂದಿಯಲ್ಲಿ ಉತ್ತರ ಬರುತ್ತದೆಂಬುದು, ಸ್ವಾಮಿಗೆ ಹಲ್ಲಿ ಕಂಡರೆ ಭಯವೆಂಬುದು, ಎಲ್ಲ ನನಗೆ ಗೊತ್ತಿತ್ತು. ನಾನು ಪತ್ರೊಡೆ ಮಾಡಿದ ದಿನ ಅವರಿಗೊಂದು ಡಬ್ಬಿ ಹೋಗುತ್ತಿತ್ತು.

ಅವರು ಕಂಪ್ಯೂಟರಿನ ಮನುಷ್ಯ. ಮನೆಯ ಕಂಪ್ಯೂಟರಿನಲ್ಲಿ ಅದೇನೋ ಲೆಕ್ಕ ಓಡಲು ಬಿಟ್ಟು ಬಿಟ್‌ಕಾಯಿನ್ ಮಾಡುತ್ತಿದ್ದರಂತೆ. ಆಗ ಅದರ ಹೆಸರು ಕೇಳಿದವರೇ ಕಡಿಮೆ. ಒಂದು ದಿನ ಆ ಕಪ್ಪು ಯಂತ್ರವನ್ನು ನನ್ನ ಕೈಗಿಟ್ಟು, ನನ್ನಿಂದಲೇ ಗುಟ್ಟಿನ ನಂಬರು ಹಾಕಿಸಿ, "ಪುಕ್ಕಟೆ ಸೀಟು ಹಿಡಿಸ್ಕೊಂಡು ಎಷ್ಟು ದಿನ ಅಂತ ಬರ್ಲಿ ಮಾರಾಯ್ರೆ? ಇದು ಸೀಟಿನ ಬಾಡಿಗೆ" ಎಂದರು. ಆಮೇಲೆ ಪ್ರತಿ ತಿಂಗಳ ಮೊದಲಿಗೆ ತಮ್ಮ ಕಂಪ್ಯೂಟರಿನಿಂದಲೇ ಅದಕ್ಕೊಂದಿಷ್ಟು ಕಳಿಸಿ, "ಬಾಡಿಗೆ ಹಾಕಿದೀನಿ ಸ್ವಾಮಿ, ಆಮೇಲೆ ಸೀಟು ಬೇರೆಯವ್ರಿಗೆ ಕೊಟ್ಬಿಟ್ಟೀರಿ" ಎಂದು ನಗುತ್ತಿದ್ದರು. ನಾನು ಮಕ್ಕಳಾಟದ ದುಡ್ಡು ಎಂದುಕೊಂಡು ಬೀಗದ ಕೈಗೆ ಸಿಕ್ಕಿಸಿದೆ.

ಲಾಕ್‌ಡೌನಿನ ಮುಂಚಿನ ಕೊನೆಯ ದಿನ ಸ್ವಾಮಿಗೆ ನೆಗಡಿ. ಎಲ್ಲರೂ ಅವರನ್ನು ಕಳ್ಳನನ್ನು ನೋಡಿದ ಹಾಗೆ ನೋಡುತ್ತಿದ್ದರು. ನನ್ನ ಕರ್ಚೀಫಿನಲ್ಲೇ ಮೂಗು ಒರೆಸಿ, "ಒಗೆದು ತಂದ್ಕೊಡ್ತೀನಿ" ಎಂದು ಜೇಬಿಗೆ ತುರುಕಿಕೊಂಡರು. ಮರುದಿನದಿಂದ ಟ್ರೇನು ನಿಂತಿತು. ಮೊದಮೊದಲು ಫೋನಿನಲ್ಲಿ ಮಾತಾಡಿದೆವು. ಆಮೇಲೆ ಒಂದು ದಿನ ಈ ನಂಬರು ಚಾಲ್ತಿಯಲ್ಲಿಲ್ಲ ಎಂದು ಬಂತು. ಮತ್ತೆ ಮಾಡಿದರೂ ಅದೇ. ಕಂಪನಿ ಕೊಟ್ಟ ಫೋನು ಇರಬೇಕು, ಕೆಲಸ ಬದಲಿಸಿರಬೇಕು, ಬೇಕಾದರೆ ಅವರೇ ಮಾಡುತ್ತಾರೆ ಎಂದು ಮುನಿಸಿಕೊಂಡು ಕೂತೆ. ಫೋನು ಬರಲಿಲ್ಲ. ಟ್ರೇನಿನ ಸ್ನೇಹ ಟ್ರೇನಿನಲ್ಲೇ ಮುಗಿಯಿತು ಎಂದು ನನಗೆ ನಾನೇ ಹೇಳಿಕೊಂಡೆ. ಅದು ತುಂಬ ನೋಯಿಸಿತು, ಸುಳ್ಳೇಕೆ ಹೇಳಲಿ.

ಈಗ ಮನೆಯ ಮಾತು ಬಂದಾಗ ಆ ಯಂತ್ರವನ್ನು ಹೋಟೆಲಿನ ಲೆಕ್ಕ ತಪಾಸಣೆ ಮಾಡುವ ಸಿಎಗೆ ತೋರಿಸಿದೆ. ಅವರು ಹುಬ್ಬಳ್ಳಿಯ ಕಡೆಯವರು. ಯಂತ್ರವನ್ನು ಕಂಪ್ಯೂಟರಿಗೆ ಸಿಕ್ಕಿಸಿ ಒಳಗೆಷ್ಟಿದೆ ಎಂದು ನೋಡಿ ಕನ್ನಡಕ ತೆಗೆದರು.

"ಅಲ್ರೀ, ಇದನ್ನ ಕೀಲಿ ಗೊಂಚಲಕ್ಕ ಹಾಕ್ಕೊಂಡು ತಿರಗ್ಯಾಡಾಕತ್ತೀರೇನ್ರಿ? ಡೊಂಬಿವಲಿ ಸ್ಟೇಷನ್ನಾಗ?"

"ಮನೆ ತಗೊಳ್ಳಿಕ್ಕೆ ಸಾಕಾ?" ಎಂದೆ.

"ಸಾಕಾಗಿ ಉಳೀತದ. ಟ್ಯಾಕ್ಸಿಂದು ದೊಡ್ಡ ಮಾತಲ್ರಿ. ಕೊಂಡ ರೇಟು ಸೊನ್ನಿ ಅಂತ ಹಿಡಿದು ಪೂರ್ತಿ ಮ್ಯಾಗ ಕಟ್ಟಿಬಿಡೋಣ. ಆದ್ರ ಎಲ್ಲಿಂದ ಬಂತು ಅಂತ ಕೇಳ್ತಾರ ನೋಡ್ರಿ, ಅದಕ್ಕೇನ್ ಹೇಳ್ತೀರಿ?"

ಬಿಟ್‌ಕಾಯಿನ್ ಮಾರಿಕೊಡುವ ಬೆಂಗಳೂರಿನ ಒಂದು ಕಂಪನಿಗೆ ಅವನ್ನು ಕಳಿಸಿದೆವು. ಕೂಡಲೇ ತಡೆಹಿಡಿದರು. ಮೂಲ ತಿಳಿಸಿ ಎಂದರು. ಕೊಂಡದ್ದೇ, ಸಂಬಳವೇ, ಉಡುಗೊರೆಯೇ, ಇತರೆಯೇ? ನಾನು ಇತರೆ ಎಂದು ಗುರುತು ಹಾಕಿ, ವಿವರ ಎಂಬಲ್ಲಿ, ಠಾಣೆ–ವಾಶಿ ಲೋಕಲಿನಲ್ಲಿ ಸೀಟು ಹಿಡಿದಿಟ್ಟದ್ದಕ್ಕೆ ಎಂದು ಬರೆದೆ. ಕೊಟ್ಟವರ ಹೆಸರು ಎಂಬಲ್ಲಿ, ಸ್ವಾಮಿ.

ಮರುದಿನ ಕಂಪನಿಯಿಂದ ಒಬ್ಬಳು ಹುಡುಗಿ ಫೋನು ಮಾಡಿದಳು. ಬಲು ನಯವಾದ ದನಿ.

"ಸರ್, ಸ್ವಾಮಿ ಫಸ್ಟ್ ನೇಮಾ, ಸರ್‌ನೇಮಾ?"

"ಎರಡೂ ಅಲ್ಲ. ಕರೆಯುವ ಹೆಸರು."

"ಅಂದ್ರೆ ಗುರೂಜಿನಾ ಸರ್? ಇದು ಆಶ್ರಮದ ಹಣವಾ?"

"ಅಲ್ಲಮ್ಮ, ಟ್ರೇನಿನವರು."

"ಹಾಗಾದ್ರೆ ನೀವು ರೈಲ್ವೆ ಸೀಟು ಮಾರ್ತಿದ್ರಾ ಸರ್?"

ನನಗೆ ಪಿತ್ತ ನೆತ್ತಿಗೇರಿತು. ಏನೇನೋ ಅಂದೆ. ಅವಳು ಎಲ್ಲವನ್ನೂ ಕೇಳಿಸಿಕೊಂಡು, ಕೊಟ್ಟವರ ಪೂರ್ತಿ ಹೆಸರು, ಪ್ಯಾನ್ ಕಾರ್ಡು, ಸಹಿ ಮಾಡಿದ ಪತ್ರ ಬೇಕು, ಆಮೇಲೆ ಅವರು ವಿಡಿಯೋದಲ್ಲಿ ಬಂದು ಬಾಯಿಮಾತಿನಲ್ಲಿ ಒಪ್ಪಬೇಕು ಎಂದಳು. ಫೋನಿಟ್ಟಮೇಲೆ ಸಿಟ್ಟು ಇಳಿದು ಬೇರೇನೋ ಏರಿತು. ಅಷ್ಟು ವರ್ಷ ತೊಡೆಗೆ ತೊಡೆ ತಾಗಿಸಿ ಕೂತ ಮನುಷ್ಯನ ಹೆಸರು ನನಗೆ ಗೊತ್ತಿಲ್ಲ. ಆ ಹುಡುಗಿಯ ಎದುರು ನಾನು ಹೇಳುತ್ತಿದ್ದದ್ದು ಕಟ್ಟುಕಥೆಯ ಹಾಗೆ ನನಗೇ ಕೇಳಿಸಿತ್ತು. ಸ್ವಾಮಿ ಎಂಬವರು ಇದ್ದದ್ದು ಹೌದೇ ಎಂದು ಒಂದು ಕ್ಷಣ ನನಗೇ ಅನುಮಾನ ಬಂತು.

ಕಲ್ಯಾಣದಲ್ಲಿ ಒಬ್ಬ, ಕಂಪನಿಯಿಂದ ವಾಪಸ್ ತರಿಸಿದರೆ ಕಾಲು ಭಾಗ ತನಗಿಟ್ಟುಕೊಂಡು ಉಳಿದದ್ದನ್ನು ನಗದಾಗಿ ಕೊಡುತ್ತೇನೆ, ಒಂದು ಪ್ರಶ್ನೆಯನ್ನೂ ಕೇಳುವುದಿಲ್ಲ ಎಂದ. ಯೋಚಿಸಿದೆ. ಆದರೆ ಕದ್ದ ಮಾಲನ್ನು ಮಾರುವ ಹಾಗೆ ಅದನ್ನು ಮಾರಿದರೆ ಸ್ವಾಮಿಯನ್ನೂ ಕಳ್ಳನನ್ನಾಗಿ ಮಾಡಿದ ಹಾಗಾಗುತ್ತದೆ ಎನ್ನಿಸಿತು. ಬೇಡವೆಂದೆ.

ಕಂಪನಿಗೆ ಕಳಿಸಿದ್ದು ನ್ಯಾಯವಾಗಿ ಹಣವಾಗಬೇಕಾದರೆ ಸ್ವಾಮಿ ಬೇಕು. ಪಾಡ್ವಾ ಹತ್ತಿರ ಬರುತ್ತಿತ್ತು. ಹಳೆಯ ಹೊತ್ತಿಗೇ ಠಾಣೆಯ ಹತ್ತನೇ ಪ್ಲಾಟ್‌ಫಾರ್ಮಿಗೆ ಹೋಗಿ ನಮ್ಮ ಬೋಗಿ ನಿಲ್ಲುತ್ತಿದ್ದ ಜಾಗದಲ್ಲಿ ನಿಂತೆ. ಮುಖಗಳೆಲ್ಲ ಹೊಸವು. ಎಲ್ಲರ ಕಿವಿಯಲ್ಲೂ ಬಿಳಿ ಗುಂಡಿ. ಎರಡು ಮೂರು ಟ್ರೇನು ಬಿಟ್ಟೆ. ಇಷ್ಟು ಜನ ನೂಕುತ್ತಿರುವಾಗ ಒಬ್ಬನೇ ಸುಮ್ಮನೆ ನಿಂತರೆ ಆಗುವ ಒಂಟಿತನ ಖಾಲಿ ಮನೆಯಲ್ಲೂ ಆಗುವುದಿಲ್ಲ. ಮರಳಿ ಹೋಗೋಣ ಎಂದು ತಿರುಗಿದಾಗ ಯಾರೋ ಭುಜ ಹಿಡಿದು ಅಲ್ಲಾಡಿಸಿದರು.

"ಅರೇ ಉಡುಪಿ! ಜಿವಂತ್ ಆಹೇಸ್?"

ವಾಶಿಯ ಬ್ಯಾಂಕಿನಲ್ಲಿದ್ದ ಮರಾಠಿ ಕಾಕಾ. ನಮ್ಮ ಎದುರು ಸೀಟಿನವರು. ನಾನಿನ್ನೂ ಬದುಕಿದ್ದೇನಾ ಎಂದು ಅವರು ನಿಜಕ್ಕೂ ಆಶ್ಚರ್ಯಪಟ್ಟ ಹಾಗಿತ್ತು. ಸ್ವಾಮಿಯ ಹೆಸರೇನು ಎಂದು ಕೇಳಿದೆ.

"ನಾವ್? ಬೆಂಗ್ಳೂರ್!" ಎಂದರು. ಮರಾಠಿಯಲ್ಲಿ ನಾವ್ ಎಂದರೆ ಹೆಸರು. ನಾನು ಉಡುಪಿಯಾದ ಹಾಗೆ ಅವರು ಬೆಂಗ್ಳೂರ್. ಅದರಾಚೆ ಕಾಕಾಗೂ ಗೊತ್ತಿರಲಿಲ್ಲ. ಆದರೆ ಒಂದು ಮಳೆಗಾಲ ಟ್ರೇನು ನಿಂತ ದಿನ ಇಬ್ಬರೂ ಒಂದೇ ರಿಕ್ಷಾದಲ್ಲಿ ಘೋಡಬಂದರ್ ರಸ್ತೆಗೆ ಹೋಗಿದ್ದರಂತೆ. ಕಾಸಾರವಡವಲಿ ಸಿಗ್ನಲಿನ ಹತ್ತಿರ, ಗೇಟಿನ ಎರಡೂ ಬದಿಗೆ ಸಿಮೆಂಟಿನ ಆನೆಗಳಿರುವ ಕಾಂಪ್ಲೆಕ್ಸು ಎಂದು ಹೇಳಿ ಕಾಕಾ ಓಡಿ ಟ್ರೇನು ಹತ್ತಿದರು.

ಅದೇ ದಿನ ಬಸ್ಸು ಹಿಡಿದೆ. ಆನೆಗಳು ಸಿಕ್ಕವು, ಒಂದರ ಸೊಂಡಿಲು ಮುರಿದಿತ್ತು. ಗೇಟಿನಲ್ಲಿ ವಾಚ್‌ಮನ್ ಕೈಯಲ್ಲಿ ಫೋನು ಹಿಡಿದು ನಿಂತಿದ್ದ.

"ಕಿಸ್ಕೇ ಘರ್ ಜಾನಾ ಹೈ? ಫ್ಲ್ಯಾಟ್ ನಂಬರ್? ನಾಮ್?"

ಯಾರ ಮನೆ, ಯಾವ ನಂಬರು, ಯಾವ ಹೆಸರು, ಮೂರೂ ನನಗೆ ಗೊತ್ತಿರಲಿಲ್ಲ. ಕನ್ನಡದವರು, ಕನ್ನಡಕ, ಎಡಗಾಲು ಎಳೆದು ನಡೆಯುತ್ತಾರೆ, ಒಬ್ಬಳು ಮಗಳು ಎಂದು ಹೇಳುತ್ತಾ ಹೋದೆ. ಎಡಗಾಲು ಎಂದಾಗ ಅವನ ಮುಖ ಬದಲಾಯಿತು. ಗೊತ್ತಿದೆ ಎಂದೂ ಹೇಳದೆ, ಇಲ್ಲ ಎಂದೂ ಹೇಳದೆ ನನ್ನ ಹೆಸರು ಕೇಳಿ ಇಂಟರ್‌ಕಾಮ್ ಎತ್ತಿದ. ನನ್ನ ಹೆಸರನ್ನು, ಮನೆತನದ ಹೆಸರಿನ ಸಮೇತ, ಸ್ಪಷ್ಟವಾಗಿ ಹೇಳಿದ. ಆ ಕಡೆಯಿಂದ ಹುಡುಗಿಯ ದನಿ ನನಗೂ ಕೇಳಿಸಿತು. ಅಂಥವರು ಯಾರೂ ನಮಗೆ ಗೊತ್ತಿಲ್ಲ.

ವಾಚ್‌ಮನ್ ಕೈಚೆಲ್ಲಿದ. ನಾನು ಬಸ್ ಸ್ಟಾಪಿನ ಕಡೆ ನಾಲ್ಕು ಹೆಜ್ಜೆ ಹೋದವನು ತಿರುಗಿ ಬಂದೆ.

"ಮಾರಾಯ್ರೆ ಬಂದಿದ್ದಾರೆ ಅಂತ ಹೇಳು" ಎಂದೆ.

"ಕ್ಯಾ?"

"ಮಾರಾಯ್ರೆ."

ಹುಚ್ಚನ ಕಾಟ ತಪ್ಪಲಿ ಎಂದು ಅವನು ಮತ್ತೆ ಎತ್ತಿದ. "ಮೇಡಂ, ಬೋಲ್ ರಹೇ ಹೈ, ಮಾರಾರೇ ಆಯೇ ಹೈ." ಆ ಕಡೆ ಹುಡುಗಿ ಅಮ್ಮನನ್ನು ಕರೆದಳು. ಆಮೇಲೆ ದೊಡ್ಡ ಹೆಂಗಸಿನ ದನಿ, ವಾಚ್‌ಮನ್‌ಗೆ ಅರ್ಥವಾಗದ ಕನ್ನಡದಲ್ಲಿ ಕೂಗಿತು: "ಕಳಿಸಪ್ಪ, ಬೇಗ ಕಳಿಸು ಅವ್ರನ್ನ!" ಆದರೂ ಅವನಿಗೆ ಅರ್ಥವಾಯಿತು. ಗೇಟು ತೆಗೆದ.

ಸ್ವಾಮಿಯ ಹೆಂಡತಿ ಲಿಫ್ಟಿನ ಬಾಗಿಲಿಗೇ ಬಂದು ನಿಂತಿದ್ದರು. "ನೀವೇನಾ ಮಾರಾಯ್ರು?" ಎಂದು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ದಿನಾ ಸಂಜೆ ನಿಮ್ಮದೇ ಸುದ್ದಿ. ಮಾರಾಯ್ರು ಇವತ್ತು ಜಗಳ ಆಡಿದ್ರು, ಮಾರಾಯ್ರು ಇವತ್ತು ಪತ್ರೊಡೆ ತಂದ್ರು. ಇವರಿಗೆ ಸ್ಟ್ರೋಕ್ ಆದಾಗ ನಿಮಗೆ ಹೇಳೋಣ ಅಂದ್ರೆ ಫೋನು ಕಂಪನಿಯವ್ರು ವಾಪಸ್ ತಗೊಂಡ್ಬಿಟ್ಟಿದ್ರು. ಹುಡುಕೋಣ ಅಂದ್ರೆ ನಿಮ್ಮ ಹೆಸರೇ ಗೊತ್ತಿಲ್ವಲ್ಲ ಸ್ವಾಮಿ." ಅವರೂ ಸ್ವಾಮಿ ಎನ್ನುತ್ತಿದ್ದರು.

ಲಾಕ್‌ಡೌನಿನ ಎರಡನೇ ವರ್ಷ ಆದದ್ದಂತೆ. ಬಲಗೈ ಹೋಯಿತು, ಮಾತು ಹೋಯಿತು. ನಾನು ಇಲ್ಲಿ ಮುನಿಸಿಕೊಂಡು ಕೂತಿದ್ದ ದಿನಗಳಲ್ಲಿ ಅವರು ಆಸ್ಪತ್ರೆಯಲ್ಲಿದ್ದರು.

ಸ್ವಾಮಿ ಬಾಲ್ಕನಿಯ ಕಿಟಕಿಗೆ ಮುಖ ಮಾಡಿ ಕೂತಿದ್ದರು. ಕೆಳಗೆ ಘೋಡಬಂದರ್ ರಸ್ತೆಯ ಗಾಡಿಗಳು. ಅರ್ಧಕ್ಕರ್ಧ ಇಳಿದುಹೋಗಿದ್ದರು. ನನ್ನನ್ನು ನೋಡಿದರು, ನೋಡುತ್ತಲೇ ಇದ್ದರು. "ಸರಿ" ಎಂದರು. ನನಗೆ ಜೀವ ಬಂತು. ಆದರೆ ಅವರ ಹೆಂಡತಿ ಮೆಲ್ಲಗೆ, "ಉಳಿದಿರೋದು ಅದೊಂದೇ ಮಾತು. ಎಲ್ಲದಕ್ಕೂ ಅದೇ" ಎಂದರು. ಗುರುತು ಸಿಕ್ಕಿತೋ ಇಲ್ಲವೋ ತಿಳಿಯುವಂತಿರಲಿಲ್ಲ. ಅವರ ಪಕ್ಕದಲ್ಲಿ ಇನ್ನೊಂದು ಕುರ್ಚಿಯಿತ್ತು. ಅಲ್ಲಿ ಕೂರಲು ಹೋದೆ.

"ಅಂಕಲ್, ಉಸ್ ಚೇರ್ ಪೇ ಮತ್ ಬೈಠಿಯೇ" ಎಂದಳು ಮಗಳು. "ಪಪ್ಪಾ ಬಹುತ್ ಗುಸ್ಸಾ ಕರ್ತೇ ಹೈ." ಅಲ್ಲಿ ಯಾರು ಕೂತರೂ ಅಪ್ಪನಿಗೆ ಸಿಟ್ಟು ಬರುತ್ತದಂತೆ.

ನಾನು ದೂರದ ಸೋಫಾದಲ್ಲಿ ಕೂತು, ಬಂದ ಕಾರಣ ಹೇಳಿದೆ. ಅಂಥ ಮನೆಗೆ ಅಂಥ ಕಾರಣ ಹಿಡಿದು ಬಂದದ್ದಕ್ಕೆ ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಅವರ ಹೆಂಡತಿ ಬೇಸರಿಸಲಿಲ್ಲ. "ಪ್ಯಾನ್ ಕಾರ್ಡ್ ಇದೆ, ಎಡಗೈಲಿ ಸಹಿ ಮಾಡಿಸೋಣ. ಕೊಡಿ, ಏನು ಬರೆದಿದೀರಿ ನೋಡ್ತೀನಿ" ಎಂದು ನಾನು ಕಂಪನಿಗೆ ಕೊಟ್ಟ ಕಾಗದದ ಪ್ರತಿಯನ್ನು ತೆಗೆದುಕೊಂಡು ಓದತೊಡಗಿದರು. ಅರ್ಧಕ್ಕೆ ನಿಂತರು.

"ಸೀಟು ಹಿಡಿದಿಟ್ಟದ್ದಕ್ಕೆ ಅಂದ್ರೆ? ಹೇಗೆ ಹಿಡೀತಿದ್ರಿ?"

"ಎಂಥದಿಲ್ಲ, ಒಂದು ಕರ್ಚೀಫು ಹಾಕಿಡುವುದು. ಇವರು ಬರುವ ತನಕ."

ಅವರು ಕಾಗದ ಕೆಳಗಿಟ್ಟರು. ಆ ಕುರ್ಚಿಯ ಕಡೆ ತಿರುಗಿ ನೋಡಿದರು. ಆಗಲೇ ನಾನೂ ಸರಿಯಾಗಿ ನೋಡಿದ್ದು. ಕುರ್ಚಿಯ ಮೇಲೆ ನೀಲಿ ಚೌಕಳಿಯ ಕರ್ಚೀಫು ಹಾಸಿತ್ತು, ಒಗೆದು ಒಗೆದು ಚೌಕಳಿ ಮಾಸಿತ್ತು.

"ಆಸ್ಪತ್ರೆಯಿಂದ ಬಂದಾಗಿಂದ ಹೀಗೇ" ಎಂದರು ಅವರು. "ಬೆಳಿಗ್ಗೆ ಎದ್ದು ಕೂತ ತಕ್ಷಣ ಇದನ್ನ ಪಕ್ಕದ ಕುರ್ಚಿ ಮೇಲೆ ಹಾಕ್ತಾರೆ. ನಾನು ಕೂತ್ರೂ ಬಿಡಲ್ಲ. ಕೊಳೆ ಆದ್ರೆ ಒಗೆಯೋವರೆಗೂ ಬಿಡಲ್ಲ. ಡಾಕ್ಟ್ರು, ಇದೊಂದು ಅಭ್ಯಾಸ, ಬಿಟ್ಬಿಡಿ ಅಂದ್ರು. ಯಾಕೆ ಅಂತ ನಮಗೆ ಗೊತ್ತೇ ಆಗ್ಲಿಲ್ಲ."

ನಾನು ಎದ್ದು ಹೋಗಿ ಕುರ್ಚಿಯ ಎದುರು ನಿಂತೆ. ಸ್ವಾಮಿ ತಲೆಯೆತ್ತಿದರು. ಎಡಗೈ ನಿಧಾನವಾಗಿ ಬಂತು, ಕರ್ಚೀಫಿನ ಅಂಚು ಹುಡುಕಿ ಹಿಡಿಯಿತು, ಎತ್ತಿತು. "ಸರಿ" ಎಂದು ಉಸಿರುಬಿಟ್ಟರು. ನಾನು ಕೂತೆ. ಕೂತು, ಆ ಮನೆಯ ಹೆಣ್ಣುಮಕ್ಕಳ ಎದುರು, ಯಾವ ಮಾನವೂ ಇಲ್ಲದೆ ಅತ್ತೆ.

ಎರಡು ದಿನ ಬಿಟ್ಟು ವಿಡಿಯೋ ಪರೀಕ್ಷೆಯಾಯಿತು. ಅದೇ ಹುಡುಗಿ. ಮುಖ ನೋಡಿದರೆ ಸ್ವಾಮಿಯ ಮಗಳಿಗಿಂತ ಹೆಚ್ಚು ವಯಸ್ಸಿರಲಾರದು. ನಾನು ಅದೇ ಕುರ್ಚಿಯಲ್ಲಿ ಕೂತಿದ್ದೆ.

"ಸರ್, ಇವ್ರು ನಿಮಗೆ ಗೊತ್ತಾ?"

"ಸರಿ" ಎಂದರು ಸ್ವಾಮಿ.

"ನೀವೇ ಇವ್ರಿಗೆ ಕಾಯಿನ್ ಕೊಟ್ರಾ?"

"ಸರಿ."

"ಉಡುಗೊರೆಯಾಗಿ ಕೊಟ್ರಾ?"

"ಸರಿ."

ಅವಳು ಏನೋ ಬರೆದುಕೊಂಡು, "ಇಲ್ಲಾ ಮಾರಿದ್ರಾ ಸರ್?" ಎಂದಳು.

"ಸರಿ" ಎಂದು ಸ್ವಾಮಿ ನಕ್ಕು ನನ್ನ ತೊಡೆ ತಟ್ಟಿದರು.

ಅವಳು ಕ್ಷಮೆ ಕೇಳಿದಳು. ನಿಯಮವೇ ಹಾಗಿದೆ ಎಂದಳು. ಅವಳ ಮೇಲೆ ನನಗೆ ಸಿಟ್ಟು ಬರಲಿಲ್ಲ. ಮೂಲ ರುಜುವಾತಾಗಿಲ್ಲ ಎಂದು ಸಂಜೆ ಸಂದೇಶ ಬಂತು, ಬಿಟ್‌ಕಾಯಿನ್ ಮರಳಿ ಯಂತ್ರಕ್ಕೆ ಬಂದವು. ಸಿಎ ಈಗಲೂ, "ಬ್ಯಾರೆ ಕಂಪನಿ ನೋಡೋಣ್ರಿ" ಎನ್ನುತ್ತಾರೆ. ಪಾಡ್ವಾ ಕಳೆಯಿತು. ಡೊಂಬಿವಲಿಯ ಮನೆಯನ್ನು ಹೊಸದಾಗಿ ಮದುವೆಯಾದ ಜೋಡಿಯೊಂದು ಕೊಂಡಿತು. ನನ್ನ ಸಾಮಾನು ಕೆಳಗಿಳಿಸುವ ದಿನ ಎದುರುಮನೆಯ ಮುದುಕಿ ಒಂದು ಡಬ್ಬಿ ಶ್ರೀಖಂಡ ಕೊಟ್ಟಳು. ಬೆಕ್ಕು ನೋಡಲೂ ಬರಲಿಲ್ಲ.

ಈಗ ನಾನಿರುವುದು ಅಂಬರನಾಥದಲ್ಲಿ, ಕಾರ್ಖಾನೆಗಳ ಹಿಂಬದಿಯ ಒಂದು ಬಾಡಿಗೆ ಕೋಣೆಯಲ್ಲಿ. ಇಲ್ಲಿ ನನ್ನ ಗುರುತು ಯಾರಿಗೂ ಇಲ್ಲ. ಸಂಜೆಗಳು ಉದ್ದ, ಕುಕ್ಕರಿಗೆ ಉತ್ತರ ಕೊಡುವುದು ಮತ್ತೆ ಶುರುವಾಗಿದೆ. ಕಪ್ಪು ಯಂತ್ರ ಈ ಮನೆಯ ಬೀಗದ ಕೈಯ ಜೊತೆ ನೇತಾಡುತ್ತದೆ.

ಭಾನುವಾರ ಮಾತ್ರ ಅಂಬರನಾಥದಿಂದ ಠಾಣೆಗೆ, ಅಲ್ಲಿಂದ ಬಸ್ಸಿನಲ್ಲಿ ಘೋಡಬಂದರ್ ರಸ್ತೆಗೆ ಹೋಗುತ್ತೇನೆ. ವಾಚ್‌ಮನ್ ಈಗ ಏನೂ ಕೇಳುವುದಿಲ್ಲ, "ಮಾರಾರೇ ಆಯೇ" ಎಂದು ಮೇಲಕ್ಕೆ ತಿಳಿಸುತ್ತಾನೆ. ಆ ರಸ್ತೆಯ ಟ್ರಾಫಿಕ್ಕಿಗೆ ಸಿಕ್ಕಿ ತಡವಾಗಿ ಬರುವವನು ಈಗ ನಾನು. ಹೋಗಿ ನಿಂತಾಗ ಸ್ವಾಮಿ ಕರ್ಚೀಫು ಎತ್ತಿ ಜಾಗ ಕೊಡುತ್ತಾರೆ. ಇನ್ನೂ ಬಾಡಿಗೆ ಕೇಳಿಲ್ಲ.